ಬಿಟ್ಟಿ ಆಟ, ಅರವತ್ತು ದಿನ

ಪುಕ್ಕಟೆ ಸಿಕ್ಕಿದ್ರೆ ನನಗೊಂದಿರಲಿ, ನಮ್ಮಪ್ಪಂಗೊಂದಿರಲಿ ಅಂತ ಒಂದು ಮಾತಿದೆಯಲ್ಲ, ಅದು ನಮ್ಮ ಮನೆಯವರನ್ನು ನೋಡಿಯೇ ಹುಟ್ಟಿದ್ದು ಅಂತ ನನಗೆ ಬಲವಾದ ಗುಮಾನಿ. ಸಾಗರದ ಸಂತೆಯಲ್ಲಿ ಅಮ್ಮ ಬೆಲ್ಲ ಕೊಳ್ಳುವ ಕ್ರಮವೇ ಹಾಗಿತ್ತು. ಒಂದಂಗಡಿಯಲ್ಲಿ ಚೂರು ಮುರಿದು ಬಾಯಿಗೆ ಹಾಕಿಕೊಂಡು "ಯಾಕೋ ಉಪ್ಪುಪ್ಪು" ಅನ್ನುವುದು, ಇನ್ನೊಂದರಲ್ಲಿ ಚೂರು ತಿಂದು "ಮರಳು ಸಿಕ್ತು" ಅನ್ನುವುದು, ಕೊನೆಗೆ ನಾಲ್ಕನೇ ಅಂಗಡಿಯಲ್ಲಿ ಎರಡು ಕೆಜಿ ತೂಗಿಸುವುದು. ಅಷ್ಟರಲ್ಲಿ ಅಮ್ಮನ ಸೆರಗು ಹಿಡ್ಕೊಂಡು ಹೋದ ನನ್ನ ಹೊಟ್ಟೆಯೂ ಅರ್ಧ ತುಂಬಿರುತ್ತಿತ್ತು. ಅಂಗಡಿಯವರು ಏನೂ ಅನ್ನುತ್ತಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಫ್ರೀ ಟ್ರಯಲ್ಲುಗಳೂ ಹೀಗೇ ಬೆಲ್ಲದ ಚೂರು. ವ್ಯತ್ಯಾಸ ಏನಪ್ಪಾ ಅಂದ್ರೆ ಇಲ್ಲಿ ಚೂರು ಕೊಡುವ ಮೊದಲೇ ಕಾರ್ಡ್ ನಂಬರು ಇಸ್ಕೋತಾರೆ. ಆಮೇಲೆ ಇಷ್ಟು ದಿನದೊಳಗೆ ನೀವಾಗಿ ಹೋಗಿ "ನಂಗೆ ಬೇಡ" ಅಂತ ಹೇಳದಿದ್ದರೆ, ಎರಡು ಕೆಜಿ ತಂದು ಮನೆಯಲ್ಲಿಳಿಸಿ ದುಡ್ಡು ಮುರ್ಕೊಂಡು ಹೋಗ್ತಾರೆ. ಪ್ರತಿ ತಿಂಗಳೂ!

ನಾನು ಇವತ್ತು ಬರೆಯೋಕೆ ಹೊರಟಿದ್ದು, 2023ರ ಜನವರಿ ಕೊನೆಯಿಂದ ಮಾರ್ಚ್ ನಡುವಿನ ತನಕ ನಾನೂ ಮಗನೂ ಸೇರಿ ರುಚಿ ನೋಡಿದ ಕೆಲವು ಚೂರುಗಳ ಬಗ್ಗೆ. ಕ್ಲೌಡ್ ಗೇಮಿಂಗ್ ಅಂತಾರೆ ಅದಕ್ಕೆ. ಆಗ ನಾವು ನ್ಯೂಜೆರ್ಸಿಯ ಎಡಿಸನ್ನಿನಲ್ಲಿದ್ದೆವು.

ಗೊತ್ತಿಲ್ಲದವರಿಗೆ ಎರಡು ಮಾತು. ಈಗಿನ ದೊಡ್ಡ ದೊಡ್ಡ ವಿಡಿಯೋ ಗೇಮ್ ಆಡಬೇಕು ಅಂದ್ರೆ ಒಂದೋ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು, ಇಲ್ಲಾ ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ ಬೇಕು. ಕ್ಲೌಡ್ ಗೇಮಿಂಗ್‌ನಲ್ಲಿ ಆ ದುಬಾರಿ ಯಂತ್ರ ನಿಮ್ಮ ಮನೆಯಲ್ಲಿರಲ್ಲ, ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿರತ್ತೆ. ನೀವು ಇಲ್ಲಿ ಗುಂಡಿ ಒತ್ತಿದರೆ ಅದು ಅಲ್ಲಿಗೆ ಹೋಗಿ, ಅಲ್ಲಿ ಆಟ ನಡೆದು, ಅದರ ಚಿತ್ರ ಮಾತ್ರ ವಿಡಿಯೋ ಆಗಿ ನಿಮ್ಮ ಪರದೆಗೆ ಬರತ್ತೆ. ಹಾಗಾಗಿ ಸ್ಕೂಲಿನವರು ಕೊಟ್ಟ ಬಡಪಾಯಿ ಕ್ರೋಮ್‌ಬುಕ್ಕಿನಲ್ಲೂ ಆಡಬಹುದು. ಸ್ಕೂಲಿನವರು ಬಿಟ್ಟರೆ! ಬಿಡ್ತಿರಲಿಲ್ಲ, ಅದಕ್ಕೇ ನಾವು ನನ್ನ ಹಳೇ ಲ್ಯಾಪ್‌ಟಾಪನ್ನೇ ಹಿಡ್ಕೊಂಡ್ವಿ.

ಯೂಟ್ಯೂಬಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಮಗ ಕೇಳಿದ್ದ. ಒಳ್ಳೇ ಪ್ರಶ್ನೆ. ಯೂಟ್ಯೂಬು ಮುಂದಿನ ಅರ್ಧ ನಿಮಿಷದ ವಿಡಿಯೋವನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ನಡುವೆ ನೆಟ್ಟು ಕೈಕೊಟ್ಟರೂ ನಿಮಗೆ ಗೊತ್ತಾಗಲ್ಲ. ಆಟದಲ್ಲಿ ಹಾಗೆ ತಂದಿಡೋಕಾಗಲ್ಲ. ನೀವು ಎಡಕ್ಕೆ ಹೋಗ್ತೀರೋ ಬಲಕ್ಕೋ ಅಂತ ನೀವು ಒತ್ತುವ ತನಕ ಯಾರಿಗೂ ಗೊತ್ತಿಲ್ಲ. ಮುಂದಿನ ಚಿತ್ರ ಇನ್ನೂ ಹುಟ್ಟೇ ಇಲ್ಲ!

ಈ ಐಡಿಯಾ ಹೊಸದೇನಲ್ಲ. ಆನ್‌ಲೈವ್ ಅಂತ ಒಂದು ಕಂಪನಿ 2010ರಲ್ಲೇ ಅಮೆರಿಕದಲ್ಲಿ ಇದನ್ನು ಶುರು ಮಾಡಿತ್ತು. 2012ರಲ್ಲಿ ಮುಗ್ಗರಿಸಿತು, 2015ರಲ್ಲಿ ಅದರ ಪೇಟೆಂಟುಗಳನ್ನು ಸೋನಿ ಕೊಂಡಿತು, ಅದೇ ವರ್ಷ ಏಪ್ರಿಲ್ 30ಕ್ಕೆ ಬಾಗಿಲು ಮುಚ್ಚಿತು. ಆಮೇಲೆ ಗೂಗಲ್‌ನವರು 2019ರ ನವೆಂಬರ್ 19ರಂದು ಸ್ಟೇಡಿಯಾ ಅಂತ ಹದಿನಾಲ್ಕು ದೇಶಗಳಲ್ಲಿ ತಂದರು. ಆ ಹದಿನಾಲ್ಕರಲ್ಲಿ ನಮ್ಮ ದೇಶ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಿಲ್ಲಿಸ್ತೀವಿ ಅಂತ ಹೇಳಿ, 2023ರ ಜನವರಿ 18ಕ್ಕೆ ನಿಲ್ಲಿಸಿಯೂ ಬಿಟ್ಟರು.

ಸ್ಟೇಡಿಯಾ ನಿಂತು ಎರಡು ದಿನಕ್ಕೆ, ಜನವರಿ 20ರ ಶುಕ್ರವಾರ, ನನ್ನ ಕೆಲಸವೂ ನಿಂತಿತು.

ಯಾವ ಕಂಪನಿ ಅಂತ ಕೇಳಬೇಡಿ. ಆ ತಿಂಗಳು ಯಾರ ಮನೆಯಲ್ಲಿ ಕೇಳಿದರೂ ಅದೇ ಕಥೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕೋದೇ ನನ್ನ ಕಸುಬು. ವೀಸಾ ನನ್ನ ಹೆಸರಿನಲ್ಲಿತ್ತು, ಎಚ್-1ಬಿ. ನಮ್ಮನೆಯವರದ್ದೂ ಮಗನದ್ದೂ ಎಚ್-4, ಅಂದ್ರೆ ನನ್ನ ಬಾಲ. ಎಚ್-1ಬಿಯವರ ಕೆಲಸ ಹೋದರೆ ಅಮೆರಿಕದ ನಿಯಮದ ಪ್ರಕಾರ ಹೆಚ್ಚೆಂದರೆ ಅರವತ್ತು ದಿನ ಸಮಯ. ಅಷ್ಟರಲ್ಲಿ ಇನ್ನೊಂದು ಕಂಪನಿ ನಿಮಗಾಗಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ಥರದ ವೀಸಾಕ್ಕೆ ಬದಲಾಯಿಸಿಕೊಳ್ಳಲು ನೀವು ಅರ್ಜಿ ಹಾಕಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿದೆ. ಮಾರ್ಚ್ 21. ಮಾರನೇ ದಿನ ಯುಗಾದಿ.

ನಮ್ಮಲ್ಲಿ ಒಂದು ಮಾತಾಗಿತ್ತು. ಮಗನಿಂದ ಏನೂ ಮುಚ್ಚಿಡೋದು ಬೇಡ ಅಂತ. ಅವನಿಗೆ ಆಗ ಹತ್ತು ವರ್ಷ, ಐದನೇ ಕ್ಲಾಸು. ಊಟದ ಹೊತ್ತಿಗೆ ಕೂರಿಸಿಕೊಂಡು ಹೇಳಿದೆವು. ಅಮ್ಮನ ಕೆಲಸ ಹೋಗಿದೆ, ಹುಡುಕ್ತಿದಾಳೆ, ಮಾರ್ಚ್ 21ರೊಳಗೆ ಸಿಕ್ಕಿದ್ರೆ ಇಲ್ಲೇ, ಸಿಗದಿದ್ರೆ ಮೈಸೂರಿಗೆ. ಅವನು ಎರಡು ತುತ್ತು ತಿಂದು ಕೇಳಿದ್ದು ಒಂದೇ.

"ಹಾಗಾದ್ರೆ ಎಕ್ಸ್‌ಬಾಕ್ಸು?"

ಪಾಪ, ಅದು ಅವನಿಗೆ ಮಾತು ಕೊಟ್ಟ ವಸ್ತು. ಫೆಬ್ರವರಿಯಲ್ಲಿ ಹುಟ್ಟುಹಬ್ಬ. ಸಣ್ಣ ಎಕ್ಸ್‌ಬಾಕ್ಸಿಗೆ 299 ಡಾಲರ್, ದೊಡ್ಡದಕ್ಕೆ 499 ಇತ್ತು. ದುಡ್ಡಿಗಿಂತ ದೊಡ್ಡ ತಕರಾರು ಬೇರೆ. ಎರಡು ತಿಂಗಳಲ್ಲಿ ಹೊರಡಬೇಕಾಗಿ ಬರಬಹುದಾದ ಮನೆಗೆ ಒಂದು ಸೂಜಿಯನ್ನೂ ತರುವ ಮನಸ್ಸು ನಮಗಿರಲಿಲ್ಲ. ಇದ್ದ ಸೋಫಾವನ್ನೇ ಯಾರಿಗೆ ಮಾರೋದು ಅಂತ ಇವರು ಲೆಕ್ಕ ಹಾಕ್ತಿದ್ದರು.

ಆಗ ನಾನೇ ಹೇಳಿದೆ, "ಕೊಳ್ಳೋದು ಬೇಡ ಪುಟ್ಟಾ, ರುಚಿ ನೋಡೋಣ" ಅಂತ. ಬೆಳಿಗ್ಗೆಯೆಲ್ಲಾ ರೆಸ್ಯೂಮೆ ಕಳಿಸೋದು, ಇಂಟರ್‌ವ್ಯೂ. ಸಂಜೆ ಅವನು ಸ್ಕೂಲಿಂದ ಬಂದ ಮೇಲೆ ಒಂದು ಗಂಟೆ ಆಟ. ಟೆಸ್ಟಿಂಗ್ ಕೆಲಸ ಹೋದರೇನು, ಟೆಸ್ಟರ್ ಹೋಗ್ತಾಳಾ :-)

ಮೊದಲು ಹಿಡಿದದ್ದು ಅಮೆಜಾನ್‌ನ ಲೂನಾ. ಅದರ ಲೂನಾ ಪ್ಲಸ್ ಚಾನೆಲ್ಲಿಗೆ ಏಳು ದಿನದ ಟ್ರಯಲ್ ಇತ್ತು. ಇದು ಕೇಬಲ್ ಟಿವಿ ಥರ. ಒಂದು ಕಂತೆ ಆಟಗಳಿಗೆ ತಿಂಗಳಿಗಿಷ್ಟು ಅಂತ. ಅದರಲ್ಲಿ ನನಗೆ ಇಷ್ಟವಾದದ್ದು, ಬೇರೆ ಕಂಟ್ರೋಲರ್ ಕೊಳ್ಳಲೇಬೇಕು ಅಂತಿಲ್ಲ, ಫೋನನ್ನೇ ಕಂಟ್ರೋಲರ್ ಮಾಡಿಕೊಳ್ಳಬಹುದು. ನುಣ್ಣಗಿನ ಗಾಜಿನ ಮೇಲೆ ಹೆಬ್ಬೆರಳು ಎಲ್ಲಿದೆ ಅಂತ ಗೊತ್ತಾಗದೆ ನಮ್ಮ ಕಾರು ಗೋಡೆಗೆ ಮುತ್ತಿಡುತ್ತಲೇ ಇತ್ತು ಅನ್ನುವುದು ಬೇರೆ ಮಾತು. ಏಳನೇ ದಿನ ಮಗನೇ ಬಂದು ನೆನಪಿಸಿದ, "ಅಮ್ಮಾ, ಕ್ಯಾನ್ಸಲ್."

ಆಮೇಲೆ ಎನ್‌ವಿಡಿಯಾದವರ ಜಿಫೋರ್ಸ್ ನೌ. ಇದು ಟ್ರಯಲ್ ಅಲ್ಲ, ಶಾಶ್ವತ ಬಿಟ್ಟಿ ಸಾಲು ಒಂದಿತ್ತು. ಕಾಯಬೇಕು, ಸರದಿ ಬಂದರೆ ಒಂದು ಗಂಟೆ ಆಡಬಹುದು, ಗಂಟೆ ಮುಗಿದರೆ ಮತ್ತೆ ಸಾಲಿನ ಬಾಲ ಹಿಡೀಬೇಕು. ಇದನ್ನು ಇವರಿಗೆ ನಾನು ವಿವರಿಸಿದ್ದು ಹಿಟ್ಟಿನ ಗಿರಣಿ ಅಂತ. ರಾಗಿ ನಿಮ್ಮದು, ಗಿರಣಿ ಅವರದು. ಆಟವನ್ನು ನೀವು ಸ್ಟೀಮಿನಲ್ಲೋ ಎಪಿಕ್‌ನಲ್ಲೋ ಕೊಂಡಿರಬೇಕು, ಇವರು ಅದನ್ನು ಓಡಿಸಿ ಕೊಡ್ತಾರೆ. ನಮ್ಮ ಹತ್ತಿರ ರಾಗಿಯೂ ಇರಲಿಲ್ಲವಲ್ಲ! ಅದಕ್ಕೂ ದಾರಿ ಇತ್ತು. ಎಪಿಕ್‌ನವರು ಪ್ರತಿ ಗುರುವಾರ ಒಂದೋ ಎರಡೋ ಆಟ ಪುಕ್ಕಟೆ ಹಂಚುತ್ತಿದ್ದರು. ಕಾರುಗಳು ಫುಟ್‌ಬಾಲ್ ಆಡುವ ರಾಕೆಟ್ ಲೀಗ್ ಅಂತೂ ಮೊದಲೇ ಪುಕ್ಕಟೆ. ಬಿಟ್ಟಿ ರಾಗಿ, ಬಿಟ್ಟಿ ಗಿರಣಿ. ಹಂಚುವ ಆಟಗಳಲ್ಲಿ ಎಲ್ಲವೂ ಗಿರಣಿಗೆ ಬರಲ್ಲ ಅಂತ ಆಮೇಲೆ ತಿಳಿಯಿತು. ಆಟದ ಕಂಪನಿ ಒಪ್ಪಿದ್ದನ್ನು ಮಾತ್ರ ಅಲ್ಲಿ ಓಡಿಸ್ತಾರೆ. 2020ರಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್‌ನವರು ತಮ್ಮ ಆಟಗಳನ್ನೆಲ್ಲ ಅಲ್ಲಿಂದ ವಾಪಸ್ ತೆಗೆದುಕೊಂಡಾಗ, ದುಡ್ಡು ಕೊಟ್ಟು ಆಟ ಕೊಂಡಿದ್ದವರೂ ಅಲ್ಲಿ ಅವನ್ನು ಆಡುವ ಹಾಗಿರಲಿಲ್ಲ.

ಈ ನಡುವೆ ನನ್ನ ಟೆಸ್ಟಿಂಗ್ ಬುದ್ಧಿ ಜಾಗೃತವಾಯಿತು. ಯಾವುದು ಅಂತ ಹೇಳಲ್ಲ, ಒಂದರಲ್ಲಿ ಗುಂಡಿ ಒತ್ತಿದ ಮೇಲೆ ಕಾರು 'ಹೂಂ' ಅನ್ನೋಕೆ ತಡ ಆಗ್ತಿತ್ತು. ಎಷ್ಟು ತಡ? ನನ್ನ ಫೋನಿನ ಸ್ಲೋಮೋಷನ್ನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೀಬಹುದು. ಅಂದ್ರೆ ಒಂದೊಂದು ಚಿತ್ರಕ್ಕೆ ಸುಮಾರು 4 ಮಿಲಿಸೆಕೆಂಡು. ಮಗನ ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ಫೋನಿಟ್ಟು, ಅವನು ಒತ್ತಿದ ಕ್ಷಣದಿಂದ ಕಾರು ಕದಲುವ ತನಕ ಚಿತ್ರ ಎಣಿಸಿದ್ವಿ. ವೈಫೈಯಲ್ಲಿ 37 ಚಿತ್ರ ಬಂತು, ಅಂದ್ರೆ 154 ಮಿಲಿಸೆಕೆಂಡು. ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ಒಂದು ವೈರ್ ಎಳೆದು ಎಣಿಸಿದರೆ 24. ಅಂದ್ರೆ 100. ಅಷ್ಟು ದೂರದ ಡೇಟಾ ಸೆಂಟರಿಗೆ ಬೈದದ್ದೇ ಬೈದದ್ದು, ಕೊನೆಗೆ ನೋಡಿದರೆ ಮೂರನೇ ಒಂದು ಪಾಲು ತಡ ನಮ್ಮ ಹಾಲಿನಿಂದ ರೂಮಿನ ನಡುವೆಯೇ ಆಗ್ತಿತ್ತು. ನಿಮ್ಮಲ್ಲಿ ಯಾರಾದರೂ ಇದನ್ನು ಪ್ರಯತ್ನಿಸುವವರಿದ್ದರೆ ಮೊದಲು ಹತ್ತಡಿ ವೈರ್ ತನ್ನಿ. ಮಿಕ್ಕದ್ದೆಲ್ಲಾ ಆಮೇಲೆ.

ಮಗನಿಗೆ ಈ ಲೆಕ್ಕ ಬಹಳ ಹಿಡಿಸಿತು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗತ್ತೆ. ಡೇಟಾ ಸೆಂಟರ್ ವರ್ಜೀನಿಯಾದಲ್ಲಿದೆ ಅಂತಿಟ್ಟುಕೊಂಡರೆ ಎಡಿಸನ್ನಿಂದ ಹೋಗಿ ಬರೋಕೆ ನಾಲ್ಕು ಮಿಲಿಸೆಕೆಂಡೂ ಬೇಡ. "ಮೈಸೂರಿಂದ ಆದ್ರೆ?" ಅಂದ. ಭೂಪಟದ ಮೇಲೆ ನೇರ ಗೆರೆ ಎಳೆದರೂ ಹದಿಮೂರು ಸಾವಿರ ಕಿಲೋಮೀಟರ್. ಹೋಗಿ ಬರೋಕೆ 130 ಮಿಲಿಸೆಕೆಂಡು, ಅದೂ ವೈರು ನೆಟ್ಟಗಿದ್ದರೆ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಅಷ್ಟರಲ್ಲಿ ಎಂಟು ಚಿತ್ರ ಮುಂದೆ ಹೋಗಿರತ್ತೆ. ಅವನು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತ. ಮೈಸೂರಿಗೆ ಹೋದರೆ ಇಲ್ಲಿಯ ಫ್ರೆಂಡ್ಸ್ ಜೊತೆ ಆಡೋಕಾಗಲ್ಲ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ. ಲೆಕ್ಕವೇ ಹೇಳಿತು.

ಫೆಬ್ರವರಿ ನಡುವಿಗೆ ಹುಟ್ಟುಹಬ್ಬ ಬಂತು. ಮೇಲಿನ ಮನೆಯ ತೆಲುಗು ಹುಡುಗ ಬಂದು ಒಂದು ಡಬ್ಬಿ ಕೊಟ್ಟ. ಒಳಗೆ ಬಿಳಿ ಬಣ್ಣದ ಸ್ಟೇಡಿಯಾ ಕಂಟ್ರೋಲರ್. 2020ರ ಕೊನೆಯಲ್ಲಿ ಯೂಟ್ಯೂಬ್ ಪ್ರೀಮಿಯಂ ಇದ್ದವರಿಗೆ ಗೂಗಲ್‌ನವರು ಅದನ್ನು ಪುಕ್ಕಟೆ ಹಂಚಿದ್ದರಂತೆ. ಇವನು ತರಿಸಿಟ್ಟುಕೊಂಡು ಡಬ್ಬಿ ಒಡೆದೇ ಇರಲಿಲ್ಲ. ಬಿಟ್ಟಿಯ ಮೇಲೆ ಬಿಟ್ಟಿ! ಸ್ಟೇಡಿಯಾ ಮುಚ್ಚುವ ಹಿಂದಿನ ದಿನ ಗೂಗಲ್‌ನವರು ಒಂದು ಒಳ್ಳೇ ಕೆಲಸ ಮಾಡಿದ್ದರು. ಆ ಕಂಟ್ರೋಲರನ್ನು ಮಾಮೂಲಿ ಬ್ಲೂಟೂತ್ ಕಂಟ್ರೋಲರ್ ಆಗಿ ಬದಲಾಯಿಸಿಕೊಳ್ಳುವ ಪುಟವೊಂದನ್ನು ತೆರೆದಿದ್ದರು. ಇಲ್ಲದಿದ್ದರೆ ಅಷ್ಟೂ ಕಂಟ್ರೋಲರುಗಳನ್ನು ವೈರ್ ಸಿಕ್ಕಿಸಿಯೇ ಬಳಸಬೇಕಿತ್ತು.

ಸ್ಟೇಡಿಯಾದ ಬಗ್ಗೆ ಅವತ್ತು ಆ ಹುಡುಗ ಹೇಳಿದ್ದು ಕೇಳಿ. ಅಲ್ಲಿ ಆಟಗಳನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕಿತ್ತು. ಪಾತ್ರೆ ನಾವು ಕೊಂಡು ಅವರ ಮನೆ ಅಟ್ಟದಲ್ಲಿಟ್ಟ ಹಾಗೆ. ಮುಚ್ಚುವಾಗ ಗೂಗಲ್‌ನವರು ತಮ್ಮ ಅಂಗಡಿಯಲ್ಲಿ ಕೊಂಡ ಆಟಗಳ ದುಡ್ಡನ್ನೂ, ಕಂಟ್ರೋಲರಿನ ದುಡ್ಡನ್ನೂ ವಾಪಸ್ ಕೊಟ್ಟರು, ಮೆಚ್ಚಬೇಕು. ಆದರೆ ಒಂದೇ ಆಟವನ್ನು ಅಲ್ಲಿ ಸುಮಾರು ಆರು ಸಾವಿರ ಗಂಟೆ ಆಡಿದ್ದವನೊಬ್ಬ ಇದ್ದನಂತೆ, ಆಗ ಸುದ್ದಿಯಲ್ಲೂ ಬಂದಿತ್ತು. ಆ ಗಂಟೆಗಳನ್ನು ಯಾರು ವಾಪಸ್ ಕೊಡ್ತಾರೆ?

ಹುಟ್ಟುಹಬ್ಬದ ದಿನ ನಾನು ಮಗನಿಗೆ ಒಂದು ಡಾಲರ್ ಖರ್ಚು ಮಾಡಿದೆ. ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಅಲ್ಟಿಮೇಟ್, ಮೊದಲ ತಿಂಗಳಿಗೆ ಒಂದು ಡಾಲರ್. ಇದು ಊಟದ ಮೆಸ್ ಥರ, ಅಷ್ಟು ಕೊಟ್ಟರೆ ಇದ್ದದ್ದೆಲ್ಲಾ ಬಡಿಸ್ತಾರೆ. ಆ ಒಂದು ಡಾಲರಿನ ಆಫರನ್ನು ಮಾರನೇ ತಿಂಗಳೇ ನಿಲ್ಲಿಸಿದರು. ಆಗ ಎರಡನೇ ತಿಂಗಳಿಂದ 14.99 ಡಾಲರ್ ಇದ್ದದ್ದು, ಆಮೇಲೆ ಏರುತ್ತಾ ಏರುತ್ತಾ 2025ರ ಅಕ್ಟೋಬರಿನಲ್ಲಿ 29.99ಕ್ಕೆ ಹೋಯಿತು. ಮೆಸ್ಸಿಗೆ ಜನ ಒಗ್ಗಿದ ಮೇಲೆ ದರ ಏರುವುದು ಎಲ್ಲ ಊರಲ್ಲೂ ಒಂದೇ.

ಸೇರಿದ ದಿನವೇ ನಾನು ಕ್ಯಾನ್ಸಲ್ಲೂ ಮಾಡಿಟ್ಟೆ. ಹಾಗೆ ಮಾಡಿದರೂ ತಿಂಗಳು ತುಂಬುವ ತನಕ ಆಡಲು ಬಿಡ್ತಿದ್ದರು. ಪಕ್ಕದಲ್ಲಿ ಕೂತ ಮಗ ಎಲ್ಲಾ ನೋಡಿ ಕೇಳಿದ, "ಅಮ್ಮಾ, ನಮ್ದೂ ಅಮೆರಿಕದಲ್ಲಿ ಟ್ರಯಲ್ಲಾ?"

"ಒಂಥರಾ ಹಾಗೇ."

"ಕಾರ್ಡ್ ಕೊಟ್ರೆ ಮುಂದುವರಿಯತ್ತಾ?"

"ಇಲ್ಲಿ ಕಾರ್ಡು ನಾವು ಕೊಡೋದಲ್ಲ ಮಗಾ, ಅವರು ಕೊಡಬೇಕು. ಹಸಿರು ಬಣ್ಣದ್ದು" ಅಂದರು ಇವರು ಅಡುಗೆಮನೆಯಿಂದ. ಮೂವರೂ ನಕ್ಕೆವು. ಬಹಳ ದಿನದ ಮೇಲೆ.

ಆ ತಿಂಗಳು ಅವನು ಆಡಿದ್ದು ಮುಖ್ಯವಾಗಿ ಎರಡು. ಒಂದು ಫೋರ್ಝಾ ಹೊರೈಝನ್ 5. ಮೆಕ್ಸಿಕೋದ ರಸ್ತೆಗಳಲ್ಲಿ ಕಾರು ಓಡಿಸುವುದು. ಕಾರಿಗೆ ನಿಮಗೆ ಬೇಕಾದ ಬಣ್ಣ ಬಳಿಯಬಹುದು. ಇವನು ಎರಡು ಸಂಜೆ ಕೂತು ಒಂದು ಕಾರಿಗೆ ಮೇಲೆ ಹಳದಿ ಕೆಳಗೆ ಕೆಂಪು ಬಳಿದ. ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಹಿಡಿದಿದ್ದ ಬಾವುಟ ನೆನಪಿತ್ತೋ ಏನೋ.

ಇನ್ನೊಂದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬೇಕೆಂದರೆ ನೂರು ಜಿಬಿಗೂ ಮೀರಿದ ಜಾಗ ಕೇಳುವ ರಾಕ್ಷಸ ಅದು. 2022ರ ಮಾರ್ಚಿನಿಂದ ಕ್ಲೌಡಿನಲ್ಲೂ ಸಿಗ್ತಿತ್ತು. ಉಪಗ್ರಹದ ಚಿತ್ರಗಳನ್ನಿಟ್ಟುಕೊಂಡು ಇಡೀ ಭೂಮಿಯನ್ನೇ ಅದರೊಳಗೆ ಕಟ್ಟಿದ್ದಾರೆ. ಇಡೀ ಭೂಮಿ ಅಂದಮೇಲೆ ನಮ್ಮೂರೂ ಇರಲೇಬೇಕಲ್ಲ?

ಒಂದು ಭಾನುವಾರ ಮಂಗಳೂರಿನ ಏರ್‌ಪೋರ್ಟಿನಿಂದ ಸೆಸ್ನಾ ಹತ್ತಿದ್ವಿ. ಅವನು ಪೈಲಟ್, ನಾನು ದಾರಿ ಹೇಳುವವಳು. ಗುಡ್ಡದ ಮೇಲಿನ ರನ್‌ವೇ ಮುಗಿದದ್ದೇ ಕೆಳಗೆ ಹಸಿರು ಕಮರಿ. ಸಮುದ್ರದ ದಂಡೆ ಹಿಡಿದು ಉತ್ತರಕ್ಕೆ ಹೋಗು ಅಂದೆ. ಉಡುಪಿ ದಾಟಿ, ಐದು ಹೊಳೆ ಸೇರುವ ಕುಂದಾಪುರದಲ್ಲಿ ಬಲಕ್ಕೆ ತಿರುಗಿ, ಘಟ್ಟ ಹತ್ತಬೇಕಾದ್ದರಿಂದ ಐದು ಸಾವಿರ ಅಡಿಗೆ ಏರಿಸಿ, ಕೊಡಚಾದ್ರಿಯನ್ನು ಪಕ್ಕಕ್ಕಿಟ್ಟು ದಾಟಿದ ಮೇಲೆ ಲಿಂಗನಮಕ್ಕಿಯ ಹಿನ್ನೀರು ಕಾಣಿಸಿತು. ಕೈ ಬೆರಳು ಚಾಚಿದ ಹಾಗೆ ನೀರು, ನಡುವೆ ಕೆಮ್ಮಣ್ಣಿನ ದ್ವೀಪಗಳು. ನನಗೆ ಗಂಟಲು ಕಟ್ಟಿತು.

"ಇದರ ಕೆಳಗೇ ಮುತ್ತಜ್ಜನ ಮನೆ ಇದ್ದದ್ದು" ಅಂದೆ. ನನ್ನ ಅಜ್ಜನ ಮನೆ, ಗದ್ದೆ, ತೋಟ ಎಲ್ಲಾ ಮುಳುಗಡೆಯಲ್ಲಿ ಹೋದದ್ದು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ ಊರಿಗೆ ಊರೇ ಏಳಬೇಕಾಗಿತ್ತು. ಮನೆಯ ಬಾಗಿಲುವಾಡ, ತೊಲೆ ಎಲ್ಲಾ ಕಿತ್ತು ಗಾಡಿ ಮೇಲೆ ಹೇರಿಕೊಂಡು ಬಂದರಂತೆ. ಆ ಬಾಗಿಲುವಾಡ ಇವತ್ತಿಗೂ ಸಾಗರದ ಹತ್ತಿರ ನಮ್ಮ ತವರಿನಲ್ಲಿದೆ.

"ಅವರಿಗೆಷ್ಟು ದಿನ ಕೊಟ್ಟಿದ್ರು?" ಅಂದ ಮಗ, ಕಣ್ಣು ಪರದೆಯ ಮೇಲೇ ಇತ್ತು. ನನಗೆ ಗೊತ್ತಿರಲಿಲ್ಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅಪ್ಪ ಆಗ ಸಣ್ಣ ಹುಡುಗ. "ದಿನ ಯಾರು ಎಣಿಸಿದ್ರು, ನೀರು ಬರ್ತದೆ ಬರ್ತದೆ ಅಂತ ವರ್ಷಗಟ್ಟಲೆ ಹೇಳ್ತಾನೇ ಇದ್ರು. ಯಾರೂ ಗದ್ದೆ ಸರಿಯಾಗಿ ಮಾಡ್ಲಿಲ್ಲ, ಮನೆಗೆ ಹೆಂಚು ಬದಲಾಯಿಸ್ಲಿಲ್ಲ. ಆ ಕಾಯೋದೇ ಕಷ್ಟ ಆಯ್ತು, ಬರೋದು ಅಷ್ಟು ಕಷ್ಟ ಆಗ್ಲಿಲ್ಲ" ಅಂದರು.

ತವರುಮನೆಯನ್ನೂ ಹುಡುಕಿದ್ವಿ. ಜಾಗ ಸಿಕ್ಕಿತು, ರಸ್ತೆ ಸಿಕ್ಕಿತು, ತೋಟದ ಹಸಿರೂ ಸರಿಯಾಗಿತ್ತು. ಆದರೆ ಆಟದವರು ಹಳ್ಳಿಗಳ ಮನೆಗಳನ್ನು ಒಂದೊಂದಾಗಿ ಕಟ್ಟಿರಲ್ಲ. ಮೇಲಿನಿಂದ ತೆಗೆದ ಚಿತ್ರ ನೋಡಿ ಕಂಪ್ಯೂಟರೇ ಊಹಿಸಿ ಕಟ್ಟಿರತ್ತೆ. ಹೆಂಚಿನ ಮನೆ ಇರಬೇಕಾದ ಕಡೆ ಯಾವುದೋ ದೇಶದ ತಾರಸಿ ಮನೆ ನಿಂತಿತ್ತು. "ಅಜ್ಜ ಮನೆ ಕೆಡವಿ ಕಟ್ಟಿಸಿದ್ರಾ?" ಅಂತ ಮಗ ನಕ್ಕ. ಅದೇ ಫೆಬ್ರವರಿ 27ಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ ನಿಜವಾದ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಆಟದಲ್ಲಿ ಹುಡುಕಿದರೆ ಇರಲಿಲ್ಲ. ನಮ್ಮೂರು ಆಟಕ್ಕಿಂತ ಮುಂದೆ ಹೋಗಿತ್ತು :-)

ಮಾರ್ಚ್ ಮೊದಲ ವಾರಕ್ಕೆ ಕೊನೆಯ ಇಂಟರ್‌ವ್ಯೂನ ಉತ್ತರವೂ ಬಂತು. ಇಲ್ಲ ಅಂತ. ಸೋಫಾವನ್ನು ಯಾರೋ ಬಂದು ಹೊತ್ತುಕೊಂಡು ಹೋದರು. ಗೇಮ್ ಪಾಸಿನ ತಿಂಗಳು ಮುಗಿಯುವ ದಿನ ಮಗ ತಾನೇ ಫೋರ್ಝಾ ತೆರೆದು, ತನ್ನ ಹಳದಿ ಕೆಂಪು ಕಾರನ್ನು ಆಟದೊಳಗಿನ ಮನೆಗೆ ತಂದು ನಿಲ್ಲಿಸಿ, ಮುಚ್ಚಿದ. ಅಳಲಿಲ್ಲ. ಮುಗಿಯುವ ತಾರೀಕು ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತಲ್ಲ. ಮಾರ್ಚ್ 19ಕ್ಕೆ ನಾವು ವಿಮಾನ ಹತ್ತಿದೆವು, ಯುಗಾದಿಯ ಬೇವು ಬೆಲ್ಲ ಮೈಸೂರಿನಲ್ಲಿ ತಿಂದೆವು.

ಇಲ್ಲಿಗೆ ಬಂದಾಗ ಆ ಮೂರರಲ್ಲಿ ಒಂದೂ ಇರಲಿಲ್ಲ. ಜಿಯೋದವರ ಕ್ಲೌಡ್ ಗೇಮಿಂಗ್ ಆಗಿನ್ನೂ ಬೀಟಾದಲ್ಲಿತ್ತು. ಹುಡುಗರು ಮೊಬೈಲಿನಲ್ಲಿ ಆಡುವುದು ಬೇರೆಯೇ ಪ್ರಪಂಚ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಕ್ಲೌಡ್ ಆಟ ಆಡಿದರೆ ಎಷ್ಟು ಹೊತ್ತು ಬರತ್ತೆ ಗೊತ್ತಾ? ಸೆಕೆಂಡಿಗೆ 25 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ ಹನ್ನೊಂದು ಜಿಬಿಗೂ ಹೆಚ್ಚು. ಒಂದೂವರೆ ಜಿಬಿ ಬರೋಬ್ಬರಿ ಎಂಟು ನಿಮಿಷ! ಮನೆಗೆ ಫೈಬರ್ ಇಲ್ಲದವರಿಗೆ ಈ ಬಿಟ್ಟಿ ಬಿಟ್ಟಿಯೇ ಅಲ್ಲ.

2025ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಭಾರತಕ್ಕೂ ಬಂತು. ಮಗ ಈಗ ಹೈಸ್ಕೂಲು, ನನ್ನ ಭುಜಕ್ಕೆ ಬಂದಿದ್ದಾನೆ. ನಾನು ಇಲ್ಲೇ ಒಂದು ಕಂಪನಿಯಲ್ಲಿ ಮತ್ತೆ ಹುಳುಕು ಹುಡುಕ್ತಿದೀನಿ. ಕ್ರಿಸ್‌ಮಸ್ ರಜೆಗೆ ಒಂದು ತಿಂಗಳ ದುಡ್ಡು ಕಟ್ಟಿ ಹಳೇ ಅಕೌಂಟಿನಲ್ಲೇ ಒಳಗೆ ಹೋದ. ಅದೇ ಬಿಳಿ ಕಂಟ್ರೋಲರ್ ಕೈಯಲ್ಲಿ. ಫೋರ್ಝಾ ತೆರೆದುಕೊಂಡಿತು. ಹಳದಿ ಕೆಂಪು ಕಾರು ನಿಲ್ಲಿಸಿದಲ್ಲೇ ನಿಂತಿತ್ತು. ಎಡಿಸನ್ನಿನ ಮನೆಯ ಸಾಮಾನು ಯಾರ್ಯಾರ ಮನೆ ಸೇರಿತೋ, ಕಾರು ಮಾತ್ರ ಎರಡೂ ಮುಕ್ಕಾಲು ವರ್ಷದಿಂದ ಅಲ್ಲೇ ಇತ್ತು. ಅವನು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಇದು ನಾನು ಚಿಕ್ಕವನಿದ್ದಾಗಿನ ಕಾರು" ಅಂದ. ಆಮೇಲೆ ಹೊಸ ಬಣ್ಣ ಬಳಿಯೋಕೆ ಹೋಗಲಿಲ್ಲ, ಅದನ್ನೇ ಓಡಿಸಿದ.

ನಾವು ಬಳಿದ ಬಣ್ಣವನ್ನು ಅವರು ಇಟ್ಟುಕೊಂಡಿರ್ತಾರೆ, ಅದನ್ನು ನೋಡುವ ಹಕ್ಕನ್ನು ತಿಂಗಳಿಗಿಷ್ಟು ಅಂತ ಬಾಡಿಗೆಗೆ ಕೊಡ್ತಾರೆ. ಅವರು ಅಂಗಡಿ ಮುಚ್ಚಿದರೆ ಸ್ಟೇಡಿಯಾದ ಹಾಗೆ ಅದೂ ಹೋಗತ್ತೆ. ಇದು ಗೊತ್ತಿದ್ದೇ ಆಡೋದು. ಇದರಲ್ಲಿ ನನ್ನದು ಅಂತ ಏನೂ ಇಲ್ಲ ಅನ್ನುವುದಕ್ಕೆ ನನ್ನ ತಕರಾರು ಅಷ್ಟಿಲ್ಲ. ಮೂರು ತಲೆಮಾರು ನೋಡಿದ ಮೇಲೆ ಗದ್ದೆಯೂ ನನ್ನದು ಅಂತ ಗಟ್ಟಿಯಾಗಿ ಹೇಳೋಕೆ ಹೆದರಿಕೆ. ನಾನು ಕೇಳೋದು ತಾರೀಕು ಮಾತ್ರ. ಯಾವತ್ತಿಗೆ ಮುಗಿಯತ್ತೆ ಅಂತ ಮೊದಲೇ ಹೇಳಿಬಿಟ್ಟರೆ, ಹತ್ತು ವರ್ಷದ ಹುಡುಗನೂ ಕಾರನ್ನು ಮನೆಗೆ ತಂದು ನಿಲ್ಲಿಸಿ ನೆಮ್ಮದಿಯಿಂದ ಏಳಬಲ್ಲ. ತಾರೀಕನ್ನು ಮುಚ್ಚಿಟ್ಟು ದುಡ್ಡು ಮುರ್ಕೊಳ್ಳೋದನ್ನೂ, ಬರ್ತದೆ ಬರ್ತದೆ ಅಂತ ವರ್ಷಗಟ್ಟಲೆ ಕಾಯಿಸೋದನ್ನೂ ಮಾತ್ರ ನಾನು ಒಪ್ಪಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಎರಡು ಒಳ್ಳೇ ನಿಯಮ ಬಂದಿವೆ, ಹೇಳಿ ಮುಗಿಸ್ತೀನಿ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ಪ್ರತಿ ತಿಂಗಳು ತಾನಾಗೇ ದುಡ್ಡು ಮುರಿಯುವ 24 ಗಂಟೆ ಮೊದಲು ನಿಮಗೆ ತಿಳಿಸಬೇಕು. ಆ ಮೆಸೇಜನ್ನು ಓದದೇ ಅಳಿಸಬೇಡಿ. ಇನ್ನೊಂದು, 2023ರ ನವೆಂಬರ್ 30ಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನಿನಲ್ಲಿ ಜನರನ್ನು ಮರುಳು ಮಾಡುವ ಹದಿಮೂರು ಥರದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸೇರೋದು ಸುಲಭ, ಬಿಡೋದು ಕಷ್ಟ ಅನ್ನುವ ಚಂದಾ ಬಲೆಯೂ ಅದರಲ್ಲೊಂದು. ಆದರೂ ಮೊನ್ನೆ ಒಂದು ಆ್ಯಪಿನಿಂದ ಬಿಡಿಸಿಕೊಳ್ಳೋಕೆ ಐದು ಪುಟ ದಾಟಬೇಕಾಯಿತು, ನಾಲ್ಕನೆಯದರಲ್ಲಿ ಒಂದು ಅಳುಮುಖದ ಗೊಂಬೆ ಬೇರೆ. ಅದಕ್ಕೇ ಸೇರಿದ ದಿನವೇ ಕ್ಯಾನ್ಸಲ್ ಮಾಡಿಟ್ಟರೂ ಆಡಲು ಬಿಡ್ತಾರಾ ಅಂತ ಮೊದಲು ಓದಿಕೊಳ್ಳಿ. ಬಿಡ್ತಾರೆ ಅಂದ್ರೆ ಆವತ್ತೇ ಮಾಡಿಬಿಡಿ. ಬಿಡಲ್ಲ ಅಂದ್ರೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿಯುವ ಹಿಂದಿನ ದಿನಕ್ಕೆ ಒಂದು ಸುತ್ತು ಹಾಕಿ. ಆ ಸುತ್ತನ್ನು ಮಕ್ಕಳ ಕೈಯಲ್ಲೇ ಹಾಕಿಸಿ.

ನಿಮ್ಮ ಮನೆಯಲ್ಲೂ ಇಂಥ ಬೆಲ್ಲದ ಚೂರು ತಿಂದವರಿದ್ದಾರಾ? ಯಾವುದು ಉಪ್ಪುಪ್ಪು, ಯಾವುದರಲ್ಲಿ ಮರಳು ಸಿಕ್ತು, ಹೇಳಿ. ನಾಲ್ಕನೇ ಅಂಗಡಿ ಯಾವುದು ಅಂತ ನಾವಿನ್ನೂ ಹುಡುಕ್ತಾ ಇದೀವಿ.